ತಟ್ಟಿ ನೋಡುವ ಅಭ್ಯಾಸ

ಈಚೆಗೆ ನನಗೊಂದು ಅಭ್ಯಾಸ ಅಂಟಿಕೊಂಡಿದೆ. ಕಂಡದ್ದನ್ನೆಲ್ಲ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುತ್ತೇನೆ. ದಾದರ್ ಸ್ಟೇಷನ್ನಿನ ಕಬ್ಬಿಣದ ಕಂಬ, ಶಾಲೆಯ ಮೆಟ್ಟಿಲಿನ ಕಟಕಟೆ, ಡಾಕ್ಟರ ಮೇಜು, ನೆಂಟರ ಮನೆಯ ಗೋಡೆ, ಯಾವುದನ್ನೂ ಬಿಡುವುದಿಲ್ಲ. ಮೊನ್ನೆ ಲೋಕಲ್ ರೈಲಿನಲ್ಲಿ ಬಾಗಿಲ ಪಕ್ಕದ ಕಂಬಿ ತಟ್ಟಿದೆ. ಅಲ್ಲಿ ಒರಗಿ ನಿಂತಿದ್ದ ಹೆಂಗಸು ತನ್ನನ್ನೇ ಸರಿಯಲು ಹೇಳುತ್ತಿದ್ದೇನೆಂದು ತಿಳಿದು ಬೊರಿವಲಿಯವರೆಗೂ ಮರಾಠಿಯಲ್ಲಿ ಬೈದಳು. ನಾನು ಇಳಿಯಬೇಕಾದದ್ದು ಕಾಂದಿವಲಿಯಲ್ಲಿ. ಬೈಗುಳ ಮುಗಿಯುವ ಮೊದಲು ಇಳಿಯುವುದು ಮರ್ಯಾದೆಯಲ್ಲ ಎಂದು ಒಂದು ಸ್ಟೇಷನ್ ಮುಂದೆ ಹೋಗಿ ವಾಪಸು ಬಂದೆ.

ಚಿಕ್ಕಮ್ಮನ ಮಗಳು ಹತ್ತೊಂಬತ್ತನೆಯ ಮಹಡಿಯಲ್ಲಿ ಫ್ಲ್ಯಾಟು ಕೊಂಡಳು. ಗೃಹಪ್ರವೇಶಕ್ಕೆ ಹೋದವಳು ಉಡುಗೊರೆ ಕೊಡುವ ಮೊದಲೇ ದೇವರ ಮಂಟಪದ ಹಿಂದಿನ ಗೋಡೆಯನ್ನು ತಟ್ಟಿದ್ದೆ. "ಎಂತ ಅಕ್ಕ, ಒಳಗೆ ಯಾರಾದ್ರೂ ಇದ್ದಾರಾ?" ಎಂದು ಅವಳು ನಕ್ಕಳು. ಸುತ್ತ ಇದ್ದವರೂ ನಕ್ಕರು. ನನಗೆ ಮಾತ್ರ ಕೂರಲು ಒಂದು ಕುರ್ಚಿ ಹುಡುಕಬೇಕಾಯಿತು. ಉಪವಾಸದ ಸುಸ್ತಿರಬೇಕೆಂದು ಪಾನಕ ಕೊಟ್ಟರು. ಕುಡಿದೆ. ಅದು ಸುಸ್ತಲ್ಲ ಎಂದು ಅವರಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ, ಸ್ವಲ್ಪ ಸುತ್ತಿ ಬಳಸಿ. ನೇರವಾಗಿ ಅಲ್ಲಿಗೆ ಹೋಗುವ ಧೈರ್ಯ ನನಗಿನ್ನೂ ಬಂದಿಲ್ಲ.

ತಟ್ಟುವ ವಿದ್ಯೆ ನಮ್ಮ ಮನೆತನಕ್ಕೆ ಹೊಸದಲ್ಲ. ನನ್ನ ಅಪ್ಪ ಬೈಕುಲ್ಲಾದ ಒಂದು ಹೋಟೆಲಿನಲ್ಲಿ ಅಡುಗೆಯವರು. ರಜೆಯ ದಿನ ನನ್ನನ್ನೂ ಮಾರ್ಕೆಟಿಗೆ ಕರೆದುಕೊಂಡು ಹೋಗುತ್ತಿದ್ದರು. ತೆಂಗಿನಕಾಯಿಯ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಕಾಯಿ ಎತ್ತಿ, ಕಿವಿಗೆ ಹತ್ತಿರ ತಂದು, ಬೆರಳು ಮಡಿಸಿ ತಟ್ಟುವರು. ಒಂದು ಬಲಕ್ಕೆ, ಒಂದು ಎಡಕ್ಕೆ. ವ್ಯಾಪಾರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಒಳಗೆ ಏನುಂಟು ಅಂತ ಹೊರಗಿನಿಂದಲೇ ಕೇಳಬೇಕು ಮಗಾ, ಒಡೆದು ನೋಡುವುದು ಎಲ್ಲರಿಗೂ ಬರ್ತದೆ ಎಂದು ಅಪ್ಪ ಹೇಳುತ್ತಿದ್ದರು. ನಾನೂ ಗಂಭೀರವಾಗಿ ಒಂದು ಕಾಯಿ ತಟ್ಟಿ, ತಲೆದೂಗಿ, ಚೀಲಕ್ಕೆ ಹಾಕಿದೆ. ಆ ವಾರ ಹೋಟೆಲಿನಲ್ಲಿ ಚಟ್ನಿ ಹಳಸಿದ್ದು ಆ ಒಂದು ಕಾಯಿಯಿಂದ. ಅಪ್ಪ ಬೈಯಲಿಲ್ಲ. ನಿನ್ನ ಕಿವಿ ಪುಸ್ತಕದ ಕಿವಿ ಎಂದರು. ಹೊಗಳಿಕೆ ಎಂದು ಬಹಳ ವರ್ಷ ನಂಬಿದ್ದೆ.

ಆಂಟಾಪ್ ಹಿಲ್ಲಿನ ನಮ್ಮ ಕೋಣೆಯ ಗೋಡೆಯೂ ಮಾತಾಡುತ್ತಿತ್ತು. ನಮಗೂ ಪಕ್ಕದವರಿಗೂ ನಡುವೆ ಇದ್ದದ್ದು ಒಂದು ಮರದ ತಡಿಕೆ. ಬೆಳಿಗ್ಗೆ ಐದಕ್ಕೆ ನೀರು ಬಂದರೆ ಅತ್ತಲಿಂದ ಒಂದು ತಟ್ಟು. ಅಮ್ಮ ಎರಡು ತಟ್ಟಿದರೆ ಚಾ ಆಗಿದೆ ಎಂದು. ಮೂರು ತಟ್ಟಿದರೆ ಬೇಗ ಬಾ. ಮೂರು ತಟ್ಟಿದ್ದು ನಾನು ಕೇಳಿದ್ದು ಒಂದೇ ಸಲ, ಅಪ್ಪ ಹೋದ ದಿನ. ಕೋಣೆ ಹೋಟೆಲಿನವರದ್ದು. ಮೂವತ್ತನಾಲ್ಕು ವರ್ಷ ಅದರಲ್ಲಿ ಬದುಕಿದ ಅಪ್ಪ ಒಂದು ಮೊಳೆ ಹೊಡೆಯಬೇಕಾದರೂ ಮಾಲೀಕರನ್ನು ಕೇಳಿಯೇ ಹೊಡೆಯುತ್ತಿದ್ದರು.

ಈ ಮೊಳೆಯ ಕತೆಯನ್ನು ನಾನೊಮ್ಮೆ ಮಾಲೀಕರ ಮಗ ಶೇಖರಣ್ಣನಿಗೆ ಹೇಳಿದೆ. ಹೇಳಬೇಕೆಂದು ಹೇಳಿದ್ದಲ್ಲ, ಒಂದು ಮದುವೆಯ ಪಂಕ್ತಿಯಲ್ಲಿ ಪಕ್ಕ ಪಕ್ಕ ಕೂತಿದ್ದೆವು. ಶೇಖರಣ್ಣ ಪಾಯಸಕ್ಕೆ ಹಪ್ಪಳ ಮುರಿದು ಹಾಕುತ್ತಿದ್ದವರು ಕೈ ನಿಲ್ಲಿಸಿದರು. ಅವರ ಒರಟು ಮಾತಿನ ಹಿಂದೆ ಬೇಗ ಕರಗುವ ಮನುಷ್ಯನೊಬ್ಬನಿದ್ದಾನೆ. ಕಾಂದಿವಲಿಯಲ್ಲಿ ಇಂಡಸ್ಟ್ರಿಯಲ್ ಎಸ್ಟೇಟಿನ ಹಿಂಬದಿ ಅವರ ತಂದೆಯ ಕಾಲದ ಒಂದು ತುಂಡು ಜಾಗ ಇತ್ತು, ಹಿಂದೆ ಹೋಟೆಲಿನ ಸೌದೆ ಹಾಕುತ್ತಿದ್ದದ್ದು. ಒಂದು ವರ್ಷದೊಳಗೆ ಅವರು ಅದನ್ನು ಹದಿನಾರು ಮನೆಯವರ ಹೌಸಿಂಗ್ ಸೊಸೈಟಿಯ ಹೆಸರಿಗೆ ಬರೆದುಕೊಟ್ಟರು. ಅರ್ಧ ಜನ ಹೋಟೆಲುಗಳಲ್ಲಿ ದುಡಿಯುವ ನಮ್ಮ ಕಡೆಯವರು, ಇನ್ನರ್ಧ ಅದೇ ಕಾಂದಿವಲಿಯ ನಾಕಾದಲ್ಲಿ, ಅಂದರೆ ಕೂಡುರಸ್ತೆಯಲ್ಲಿ, ಬೆಳಿಗ್ಗೆ ಕೂಲಿಗೆ ಕಾದು ನಿಲ್ಲುವ ಬಾಗಲಕೋಟೆ, ವಿಜಯಪುರ ಕಡೆಯವರು. ಶೇಖರಣ್ಣನದು ಒಂದೇ ಷರತ್ತು: ಬಿಲ್ಡರ್ ಬರಬಾರದು, ಕಟ್ಟುವುದು ನೀವೇ. ಹಾಗೆ ಪ್ರತಿ ಭಾನುವಾರ ಎಲ್ಲ ಮನೆಯವರೂ ಕೆಲಸಕ್ಕೆ ಇಳಿದೆವು. ಮಧ್ಯಾಹ್ನದ ಊಟ ಶೇಖರಣ್ಣನ ಹೋಟೆಲಿನಿಂದ. ಬಾಗಿಲು ಕಿಟಕಿ ಒಬ್ಬ ಗುಜರಿಯವರಿಂದ. ಲೆಕ್ಕಾಚಾರ, ನಕ್ಷೆ ಮತ್ತು ಮೇಲ್ವಿಚಾರಣೆ ನಿವೃತ್ತ ಇಂಜಿನಿಯರ್ ಜೋಶಿ ಸಾಹೇಬರದು. ಅವರು ಹೇಳಿದ್ದನ್ನು ಎರಡನೆಯ ಸಲ ಹೇಳದ ಮೆಲುದನಿಯ ಮರಾಠಿ ಮುದುಕ.

ನನ್ನನ್ನು ಕಾರ್ಯದರ್ಶಿ ಮಾಡಿದರು. ಮೂರು ಭಾಷೆಯಲ್ಲಿ ಅರ್ಜಿ ಬರೆಯಲು ಬರುತ್ತದೆಂಬುದು ನನ್ನ ಏಕೈಕ ಅರ್ಹತೆ. ಸಿಮೆಂಟಿಗೂ ಬೂದಿಗೂ ವ್ಯತ್ಯಾಸ ತಿಳಿಯದವಳು ಅದನ್ನು ಮುಚ್ಚಿಕೊಳ್ಳಲು ನನಗೆ ಗೊತ್ತಿದ್ದ ಒಂದೇ ದಾರಿ ಹಿಡಿದೆ. ಟೈಮ್‌ಟೇಬಲ್ ಹಾಕಿದೆ. ನಾನು ಕಲಿಸುವ ಕನ್ನಡ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗಿ ಎರಡು ತರಗತಿ ಒಂದಾದಾಗ ಮೂಲೆಗೆ ಬಿದ್ದಿದ್ದ ಹಳೆಯ ಹಿತ್ತಾಳೆಯ ಗಂಟೆಯೊಂದಿತ್ತು. ಅದನ್ನು ಕೇಳಿ ತಂದು ಸೈಟಿನ ಬೇವಿನ ಮರಕ್ಕೆ ಕಟ್ಟಿದೆ. ಒಂಬತ್ತಕ್ಕೆ ಗಂಟೆ, ಚಾಕ್ಕೆ ಗಂಟೆ, ಊಟಕ್ಕೆ ಗಂಟೆ. "ಟೀಚರ್ ಗಂಟೆ ಹೊಡೆದ್ರೆ ಇಟ್ಟಿಗೆ ಸಹ ಸಾಲಲ್ಲಿ ನಿಲ್ತದೆ ಮಾರಾಯ್ರೆ" ಎಂದು ಶೇಖರಣ್ಣ ಬಂದವರಿಗೆಲ್ಲ ತೋರಿಸುತ್ತಿದ್ದರು. ಅದನ್ನೂ ಹೊಗಳಿಕೆ ಎಂದೇ ನಂಬಿದ್ದೆ.

ಗಂಟೆಯನ್ನು ನಿಜವಾಗಿ ಮೆಚ್ಚಿದವಳು ಒಬ್ಬಳೇ, ಮಲ್ಲವ್ವ.

ಮಲ್ಲವ್ವ ಹುನಗುಂದ ಕಡೆಯವಳು. ಗಂಡ ತೀರಿಹೋಗಿ ಬಹಳ ಕಾಲವಾಗಿದೆ. ಮಗಳು ರೇಣುಕಾ ಒಂದು ಮಾಲಿನಲ್ಲಿ ಬಟ್ಟೆ ಮಡಚುವ ಕೆಲಸದಲ್ಲಿದ್ದಾಳೆ. ಇಪ್ಪತ್ತೆಂಟು ವರ್ಷ ಮುಂಬಯಿಯಲ್ಲಿ ಕಟ್ಟಡದ ಕೆಲಸ ಮಾಡಿದ ಮಲ್ಲವ್ವನಿಗೆ ಗುತ್ತಿಗೆದಾರರ ಐದು ನಿಮಿಷದ ಅನುಭವ ಚೆನ್ನಾಗಿತ್ತು. ನನ್ನ ಗಂಟೆಯಡಿ ಕೂತು ಚಾ ಕುಡಿಯುತ್ತ ಒಮ್ಮೆ ಎಲ್ಲರ ಮುಂದೆ ಹೇಳಿದಳು: "ನಮ್ಮ ಸೇಠಗೋಳು ಐದು ಮಿನಿಟು ಅಂದ್ರ ಹೊತ್ತು ಮುಣಗೂ ತನಕಾ ರೀ. ಟೀಚರು ಐದು ಮಿನಿಟು ಅಂದ್ರ ಐದ ಮಿನಿಟು, ನೋಡ್ರಿ." ಪಿಎಚ್‌ಡಿ ಸಿಕ್ಕಿದ್ದರೂ ನಾನು ಅಷ್ಟು ಉಬ್ಬುತ್ತಿರಲಿಲ್ಲ.

ತಾನು ಹದಿನಾಲ್ಕು ಬಿಲ್ಡಿಂಗು ಕಟ್ಟಿದ್ದೇನೆ, ಒಂದರಲ್ಲೂ ಲಿಫ್ಟು ಹತ್ತಿಲ್ಲ ಎಂದು ಅವಳು ನಗುತ್ತಲೇ ಹೇಳುತ್ತಿದ್ದಳು. ಕಟ್ಟುವಷ್ಟು ದಿನ ಅದರ ತಳದಲ್ಲೇ ತಗಡಿನ ಗುಡಿಸಲು. ಕೆಲಸ ಮುಗಿದ ವಾರ ಗುಡಿಸಲು ಕಿತ್ತು ಅಲ್ಲಿ ಹುಲ್ಲು ನೆಡುತ್ತಾರೆ. ರೇಣುಕಾ ಹೀಗೆ ಏಳು ಹುಲ್ಲುಹಾಸಿನ ಜಾಗದಲ್ಲಿ ಬೆಳೆದ ಹುಡುಗಿ. ನಮ್ಮ ಕಟ್ಟಡಕ್ಕೆ ಎರಡೇ ಅಂತಸ್ತು, ಕೆಳಗೆ ಎಂಟು ಮನೆ, ಮೇಲೆ ಎಂಟು. ಚೀಟಿ ಎತ್ತಿದಾಗ ಮಲ್ಲವ್ವನಿಗೆ ಮೇಲಿನ ಮೂಲೆಯ ಮನೆ ಬಂತು. ಜೋಶಿ ಸಾಹೇಬರು ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಮನೆಗಳ ಗೆರೆ ಎಳೆದಿದ್ದರು, ಕೆಳಗಿನ ಮನೆಗೂ ಮೇಲಿನದಕ್ಕೂ ಅದೇ ಗೆರೆ. ನಾವೆಲ್ಲ ಗೆರೆ ದಾಟಿ ಆಚೀಚೆ ಓಡಾಡುತ್ತಿದ್ದರೆ ಮಲ್ಲವ್ವ ಮಾತ್ರ ತನ್ನ ಮೂಲೆಯಲ್ಲಿ ಬಾಗಿಲೆಂದು ಬಿಟ್ಟ ಜಾಗದಿಂದಲೇ ಒಳಗೆ ಹೋಗಿ, ಅಡುಗೆಮನೆಯ ಮೂಲೆಯಲ್ಲಿ ಕೂತು, ಅಲ್ಲಿಂದಲೇ ಹೊರಬಂದಳು. ನಾನು ಮಾತಾಡಿಸಲು ಅಡ್ಡ ಬಂದಾಗ "ಗ್ವಾಡಿ ತುಳೀಬ್ಯಾಡ್ರಿ" ಎಂದಳು. ತಮಾಷೆಗೆ ಎಂದುಕೊಂಡು ನಕ್ಕೆ. ಅವಳು ನಗಲಿಲ್ಲ. ನಾನು ಗೆರೆಯಿಂದ ಕಾಲು ತೆಗೆದೆ.

ಮಲ್ಲವ್ವನಿಗೆ ಗೊತ್ತಿದ್ದ ಒಂದು ಕೆಲಸ ನಮ್ಮಲ್ಲಿ ಮತ್ತೆ ಯಾರಿಗೂ ಗೊತ್ತಿರಲಿಲ್ಲ. ಸ್ಲ್ಯಾಬ್ ಹಾಕುವಾಗ ಹಸಿ ಕಾಂಕ್ರೀಟನ್ನು ಹೊರಲು ಕೆಳಗೆ ಸಾಲಾಗಿ ಮರದ ಕಂಬಗಳನ್ನು ನಿಲ್ಲಿಸುತ್ತಾರೆ. ಇಲ್ಲಿ ಅದಕ್ಕೆ ಬಲ್ಲಿ ಎನ್ನುತ್ತಾರೆ. ಬುಡದಲ್ಲಿ ಬೆಣೆ ಕೊಟ್ಟು ಬಿಗಿ ಮಾಡಿರುತ್ತಾರೆ. ಮೇಲೆ ಭಾರ ಬೀಳುತ್ತ ಹೋದ ಹಾಗೆ ಒಂದು ಬಲ್ಲಿ ಕುಸಿದರೆ ಪಕ್ಕದ್ದು ಸಡಿಲವಾಗುತ್ತದೆ, ಸಡಿಲವಾದದ್ದಕ್ಕೆ ಕೂಡಲೇ ಬೆಣೆ ಬಡಿಯಬೇಕು. ಯಾವುದು ಸಡಿಲ ಎಂದು ಕಣ್ಣಿಗೆ ಕಾಣುವುದಿಲ್ಲ. ಮಲ್ಲವ್ವ ಬಲ್ಲಿಗಳ ನಡುವೆ ಬಗ್ಗಿ ನಡೆಯುತ್ತ ಒಂದೊಂದನ್ನೂ ಬಲಗೈಯ ಬೆರಳು ಮಡಿಸಿ ತಟ್ಟಿ ಕೇಳುತ್ತಾಳೆ. ಅಪ್ಪನ ತೆಂಗಿನಕಾಯಿ ನೆನಪಾಗಿ ಅದೆಲ್ಲಿ ಕಲಿತೆ ಎಂದು ಕೇಳಿದೆ. ಊರ ಸಂತೆಯಲ್ಲಿ ಅವಳ ಅವ್ವ ಗಡಿಗೆ ತಟ್ಟಿ ಕೊಳ್ಳುತ್ತಿದ್ದಳಂತೆ, ಸೀಳು ಬಿಟ್ಟ ಗಡಿಗೆಯ ದನಿಯೇ ಬೇರೆಯಂತೆ. ಬಲ್ಲಿಯ ದನಿ ಹೇಗಿರುತ್ತದೆ ಎಂದೆ. "ದುಡಿಯೋ ಬಲ್ಲಿ ಒಂದ ಮಾತು ಹೇಳಿ ಸುಮ್ಮನಾಗತೈತ್ರಿ. ಭಾರ ಬಿಟ್ಟಿದ್ದು ಹರಟಿ ಹೊಡೀತೈತಿ" ಎಂದಳು. ನನಗೆ ತಟ್ಟಿ ತೋರಿಸಿದಳು. ನನಗೆ ಎರಡೂ ಒಂದೇ ಕೇಳಿಸಿತು. ಪುಸ್ತಕದ ಕಿವಿ.

ಸ್ಲ್ಯಾಬಿನ ದಿನಕ್ಕೆ ನಾನೇ ಒಂದು ಆಮಂತ್ರಣ ಬರೆದೆ. ಈ ಸ್ಲ್ಯಾಬು ಎಂಟು ಮನೆಗೆ ಸೂರು, ಎಂಟು ಮನೆಗೆ ನೆಲ. ಆದ್ದರಿಂದ ಪ್ರತಿಯೊಂದು ಮನೆಯವರೂ ಒಂದೊಂದು ಬುಟ್ಟಿ ಕಾಂಕ್ರೀಟನ್ನು ತಮ್ಮ ಕೈಯಾರೆ ಸುರಿಯತಕ್ಕದ್ದು. ಓದಿದ ಶೇಖರಣ್ಣನ ಕಣ್ಣು ಒದ್ದೆಯಾಯಿತು. ಜೋಶಿ ಸಾಹೇಬರು ಓದಿ, ಮೇಲೆ ಒಮ್ಮೆಗೆ ಐದು ಜನರಿಗಿಂತ ಹೆಚ್ಚು ಬೇಡ ಎಂದಷ್ಟೇ ಹೇಳಿದರು. ಮಲ್ಲವ್ವನಿಗೆ ಓದಿ ಹೇಳಿದೆ. ಅವಳದೂ ಒಂದೇ ಮಾತು: ಕಡೆಯ ಬುಟ್ಟಿ ಬಿದ್ದು ತಾನು ಹೊರಗೆ ಬರುವ ತನಕ ಹಲಗೆವಾದ್ಯ ಬಡಿಯಬಾರದು. ಅವಳ ಊರ ಕಡೆಯ ಇಬ್ಬರು ಹಲಗೆ ತರುವವರಿದ್ದರು, ಸ್ಲ್ಯಾಬಿನ ದಿನ ಹಲಗೆಯಿಲ್ಲದೆ ಅವರಿಗೆ ಕೆಲಸ ಸೇರುವುದಿಲ್ಲ. ಯಾಕೆ ಬಡಿಯಬಾರದೆಂದು ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಏನೋ ನಂಬಿಕೆ ಇರಬೇಕೆಂದುಕೊಂಡೆ. ಬಿ.ಎ.ಯಲ್ಲಿ ಸಮಾಜಶಾಸ್ತ್ರ ಓದಿದವಳಿಗೆ ಜನರ ನಂಬಿಕೆಗಳ ಬಗ್ಗೆ ಬಹಳ ಗೌರವವಿರುತ್ತದೆ. ಕಾರಣ ಕೇಳುವುದಿಲ್ಲ, ಅಷ್ಟೆ.

ಆ ಭಾನುವಾರ ಬೆಳಿಗ್ಗೆ ಎಲ್ಲವೂ ನನ್ನ ಟೈಮ್‌ಟೇಬಲಿನ ಪ್ರಕಾರವೇ ನಡೆಯಿತು. ಮಿಕ್ಸರು ತಿರುಗುತ್ತಿತ್ತು. ಮೇಲೆ ಹತ್ತಲು ಇಳಿಜಾರಾಗಿ ಹಾಸಿದ ಮರದ ಪಟ್ಟಿಗಳ ಮೇಲೆ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಬುಟ್ಟಿ ಸಾಗಿಸುತ್ತಿದ್ದರು. ಮೇಲೆ ಜೋಶಿ ಸಾಹೇಬರು ದೂರದ ತುದಿಯಿಂದ ಸಮ ಮಾಡಿಸುತ್ತ ಬರುತ್ತಿದ್ದರು. ಕೆಳಗೆ ಮಲ್ಲವ್ವ ಒಬ್ಬಳೇ. ನಾನು ಇಳಿಜಾರಿನ ನಡುವೆ ನಿಂತು ಒಂದೊಂದೇ ಮನೆಯವರನ್ನು ಹೆಸರು ಕರೆದು ಮೇಲೆ ಬಿಡುತ್ತಿದ್ದೆ. ಐದು ಜನ ಹೋಗು, ಐದು ಜನ ಬಾ. ಅವರು ಇಳಿದಾಗ ಒಂದು ಕ್ಷಣ ಎಲ್ಲ ಸದ್ದೂ ತಗ್ಗುವುದು. ಆಗ ನನ್ನ ಕಾಲ ಕೆಳಗಿನಿಂದ ಟಕ್ ಎಂದು ಕೇಳುವುದು. ಸ್ವಲ್ಪ ಆಚೆಗೆ ಮತ್ತೊಂದು ಟಕ್. ಆಮೇಲೆ ಬೆಣೆಗೆ ಸುತ್ತಿಗೆಯ ಎರಡೇಟು. ಕಟ್ಟಡಕ್ಕೆ ನಾಡಿ ಇದ್ದ ಹಾಗಿತ್ತು.

ಮುಕ್ಕಾಲು ಕೆಲಸ ಮುಗಿದಾಗ ಶೇಖರಣ್ಣ ಬಂದರು. ಜೊತೆಗೆ ಎರಡು ಕಾರಿನಲ್ಲಿ ನೆಂಟರು, ಸ್ನೇಹಿತರು. ಇಂಥ ಇನ್ನೊಂದು ಕಟ್ಟಡಕ್ಕೆ ಜಾಗ ಕೊಡಬಹುದು ಎಂದು ಅವರು ಒಲಿಸಿಕೊಂಡು ಬಂದಿದ್ದ ಜನ. ಎಲ್ಲರಿಗೂ ಬಿಳಿ ಬಟ್ಟೆ. ಸೈಟಿನಲ್ಲಿ ಮಿಕ್ಸರಿನ, ಬುಟ್ಟಿಗಳ ಸದ್ದು ಬಿಟ್ಟರೆ ಮೌನ. ಶೇಖರಣ್ಣ ಸುತ್ತ ನೋಡಿ, ಮರದ ನೆರಳಲ್ಲಿ ಸುಮ್ಮನೆ ಕೂತಿದ್ದ ಹಲಗೆಯವರನ್ನು ನೋಡಿ, ನನ್ನ ಕಡೆ ತಿರುಗಿದರು.

"ಇದೆಂತ ಟೀಚರ್? ನಾವು ಮನೆ ಕಟ್ಟುವಲ್ಲಿಗೆ ಬಂದದ್ದಾ, ಬೊಜ್ಜದ ಊಟಕ್ಕೆ ಬಂದದ್ದಾ?"

ಬೊಜ್ಜವೆಂದರೆ ನಮ್ಮ ಕಡೆ ಸತ್ತವರ ಉತ್ತರಕ್ರಿಯೆ. ನೆಂಟರು ನಕ್ಕರು. ನನಗಾದದ್ದು ಮುಖ್ಯೋಪಾಧ್ಯಾಯರ ಮುಂದೆ ತರಗತಿ ಮೂಕವಾಗಿ ಕೂತಾಗ ಆಗುವಂಥದೇ ಅವಮಾನ. ಮಲ್ಲವ್ವನ ಮಾತು ನೆನಪಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ನೆನಪಿತ್ತು. ಹಲಗೆಯವರಿಗೆ ಕೇಳುವ ಹಾಗೆ ಗಟ್ಟಿಯಾಗಿ, "ಐದು ನಿಮಿಷ ಬಡೀಲಿ, ಐದೇ ನಿಮಿಷ" ಎಂದೆ.

ನಾನು ದಿನವೂ ತಿರುಗಾ ಮುರುಗಾ ಹಾಕಿ ನೋಡುವುದು ಅಲ್ಲಿಂದ ಮುಂದಿನದ್ದನ್ನು. ಹಲಗೆ ಶುರುವಾಯಿತು. ಬಿಸಿಲಿಗೆ ಕಾದ ಚರ್ಮದ ದನಿ ಎದೆಗೇ ಬಡಿಯುತ್ತದೆ, ಬೇರೆ ಯಾವ ಸದ್ದನ್ನೂ ಉಳಿಸುವುದಿಲ್ಲ. ಸಾಲಿನಲ್ಲಿದ್ದವರಿಗೆ ಹುರುಪು ಬಂತು, ಬುಟ್ಟಿಗಳು ಓಡತೊಡಗಿದವು. ಇಳಿಜಾರು ಮೇಲೆ ಸೇರುವ ಜಾಗವೇ ಮಲ್ಲವ್ವನ ಮೂಲೆಯ ಮನೆ. ಅಲ್ಲಿ ಹಾಸಿದ ಮರದ ಪಟ್ಟಿಗಳ ಮೇಲೆ ಇಬ್ಬರು ಕುಣಿಯಲು ನಿಂತರು. ಅವರನ್ನು ದಾಟಲಾಗದೆ ಬಂದವರೆಲ್ಲ ಬುಟ್ಟಿಯನ್ನು ಅಲ್ಲೇ ಸುರಿದರು. ಬಿಳಿ ಬಟ್ಟೆಯವರೂ ಒಬ್ಬೊಬ್ಬರಾಗಿ ಹತ್ತಿ ಒಂದೊಂದು ಬುಟ್ಟಿ ಸುರಿದು ಫೋಟೋ ತೆಗೆಸಿಕೊಂಡರು. ನಾನು ಐದು ಜನರ ಲೆಕ್ಕ ಬಿಟ್ಟಿದ್ದೆ. ಕಾಂಕ್ರೀಟು ಮೊಣಕಾಲೆತ್ತರದ ಗುಡ್ಡೆಯಾಯಿತು. ದೂರದ ತುದಿಯಿಂದ ಜೋಶಿ ಸಾಹೇಬರು ಕೈಯೆತ್ತಿ ಏನೋ ಅನ್ನುತ್ತಿದ್ದರು, ಬಾಯಿ ಆಡುವುದು ಮಾತ್ರ ಕಾಣಿಸಿತು. ಅವರೂ ಸಂತೋಷಪಡುತ್ತಿದ್ದಾರೆಂದು ನಾನು ಕೈಬೀಸಿದೆ. ಹೌದು, ಕೈಬೀಸಿದೆ. ಗಂಟೆ ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ ಬೇವಿನ ಮರದಲ್ಲಿತ್ತು. ಕೈಗಡಿಯಾರ ನೋಡಿಕೊಂಡಾಗ ಐದು ನಿಮಿಷ ಹೋಗಿ ಹದಿನೈದಾಗಿತ್ತು. ಇನ್ನೇನು ಹೋಗಿ ಹೊಡೆಯುವುದು ಎಂದುಕೊಂಡು, ಒಂದು ಫೋಟೋಕ್ಕೆ ಕರೆದರೆಂದು ನಿಂತೆ.

ಬಿದ್ದ ಸದ್ದು ನನಗೆ ನೆನಪಿಲ್ಲ. ಹಲಗೆ ನಿಂತದ್ದು ನೆನಪಿದೆ. ಮೂಲೆ ಇದ್ದಲ್ಲಿ ಮೂಲೆ ಇರಲಿಲ್ಲ, ಧೂಳು ಇತ್ತು. ಮೇಲೆ ಇದ್ದವರಲ್ಲಿ ಮೂವರು ಗುಡ್ಡೆಯ ಜೊತೆ ಜಾರಿ ಬಿದ್ದಿದ್ದರು. ಅವರಲ್ಲಿ ಒಬ್ಬನ ಸೊಂಟ ಮುರಿದಿತ್ತು. ಎಲ್ಲರೂ ಅವರ ಕಡೆ ಓಡಿದರು. ಆಗ ರೇಣುಕಾ "ಅವ್ವ ಎಲ್ಲಿ?" ಎಂದಳು. ಅದನ್ನು ಅವಳು ಕೂಗಿ ಹೇಳಲಿಲ್ಲ, ವಿಳಾಸ ಕೇಳುವವಳ ಹಾಗೆ ಕೇಳಿದಳು.

ಅಷ್ಟರಲ್ಲಿ ಕೆಳಗಿನಿಂದ ಸದ್ದು ಬಂತು. ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು. ಮುರಿದ ಬಲ್ಲಿಗಳ ರಾಶಿಯೊಳಗಿಂದ ಯಾರೋ ಮರ ತಟ್ಟುತ್ತಿದ್ದರು. ನಾನು ಹೊಟ್ಟೆಯ ಮೇಲೆ ಮಲಗಿ ಕಿವಿ ಕೊಟ್ಟೆ. ಮೂರು ತಟ್ಟಿತು, ನಿಂತಿತು. ನಮ್ಮ ಆಂಟಾಪ್ ಹಿಲ್ಲಿನ ಗೋಡೆಯ ಮೂರು ತಟ್ಟು ಅವಳಿಗೆ ಹೇಗೆ ಗೊತ್ತಿರಬೇಕು? ನನಗೆ ಮಾತ್ರ ಬೇಗ ಬಾ ಎಂದೇ ಕೇಳಿಸಿತು. ಸದ್ದು ಬಂದ ಕಡೆ ಕೈ ತೋರಿಸಿದೆ. ಗಟ್ಟಿಯಾಗುವ ಮೊದಲು ಕಾಂಕ್ರೀಟನ್ನು ಕೈಯಿಂದಲೇ ಎಳೆದು ತೆಗೆದರು. ಸುರಿಯುವಾಗ ಇದ್ದಂತೆಯೇ ಸಾಲಾಗಿ ನಿಂತು, ಅವೇ ಬುಟ್ಟಿಗಳಲ್ಲಿ, ಹಿಂದಕ್ಕೆ. ಶೇಖರಣ್ಣ ಬಿಳಿ ಅಂಗಿಯಲ್ಲೇ ಮಂಡಿಯೂರಿ ಎಳೆಯುತ್ತಿದ್ದರು. ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಮಲ್ಲವ್ವ ಎಡಗೈಯಿಂದ ತಟ್ಟುತ್ತಿದ್ದಳು. ಬಲಗೈ ಬೆಣೆಯ ಮೇಲೆಯೇ ಇತ್ತು, ಅದರ ಮೇಲೆ ಉಳಿದದ್ದೆಲ್ಲ ಇತ್ತು.

ಆಸ್ಪತ್ರೆಯಲ್ಲಿ ಬಲಗೈಯನ್ನು ಮಣಿಕಟ್ಟಿನ ಮೇಲಕ್ಕೆ ಕತ್ತರಿಸಿ ತೆಗೆದರು. ಮೂರನೆಯ ದಿನ ನನ್ನನ್ನು ಒಳಗೆ ಬಿಟ್ಟರು. ಏನು ಹೇಳಬೇಕೆಂದು ಬಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಅವಳೇ ಮೊದಲು ಮಾತಾಡಿದಳು. ನೋವಿನ ಮಾತಲ್ಲ, ಮನೆಯ ಮಾತು. "ಸೊಸೈಟಿ ಕಾಗದಕ್ಕ ಬಲಗೈ ಹೆಬ್ಬೆಟ್ಟು ಒತ್ತೀನ್ರಿ ಟೀಚರ. ಇನ್ನ ಮ್ಯಾಲೆ ಎಡಗೈದು ನಡೀತೈತೇನು? ಮನಿ ಹೋಗಂಗಿಲ್ಲಲ್ಲ?"

ನಡೆಯುತ್ತದೆ ಎಂದೆ. ಕಾರ್ಯದರ್ಶಿಯಾಗಿ ನಾನು ಆಡಿದ ಮಾತುಗಳಲ್ಲಿ ಪೂರ್ತಿ ಸತ್ಯವಾಗಿದ್ದದ್ದು ಅದೊಂದೇ ಇರಬೇಕು. ಅಭ್ಯಾಸ ಮಾಡಿಕೊಂಡು ಹೋದದ್ದನ್ನು ಹೇಳಲಿಲ್ಲ. ಹೊರಗೆ ಬಂದು ಕಾರಿಡಾರಿನ ಗೋಡೆಗೆ ಒರಗಿದೆ. ಬೆರಳು ತಾನಾಗಿ ಗೋಡೆಯನ್ನು ತಟ್ಟಿತು. ಅಭ್ಯಾಸ ಶುರುವಾದದ್ದು ಅಲ್ಲಿ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ಅದರಲ್ಲಿ ನನ್ನ ಮುಖ ಚೆನ್ನಾಗಿ ಕಾಣುವುದಿಲ್ಲ. ಘಟನೆಯ ವರದಿ ಬರೆಯುವ ಕೆಲಸ ಕಾರ್ಯದರ್ಶಿಯದು. ಮೂರು ಭಾಷೆಯಲ್ಲಿ ಬರೆದೆ, ಮೂರರಲ್ಲೂ ಅಕ್ಷರ ತಪ್ಪಿಲ್ಲ. ಒಂದು ಆಧಾರ ಜಾರಿದ್ದರಿಂದ ಮೂಲೆ ಕುಸಿಯಿತು ಎಂದು ಬರೆದೆ. ಹಲಗೆಯ ಮಾತು ಒಂದರಲ್ಲೂ ಇರಲಿಲ್ಲ. ಸೊಸೈಟಿಯ ಮೀಟಿಂಗಿನಲ್ಲಿ ಓದಿದಾಗ ಹಿಂದಿನ ಸಾಲಿನಿಂದ ಒಬ್ಬರು, ಹಾಗಾದರೆ ಕೆಳಗೆ ಇದ್ದ ಮಲ್ಲವ್ವ ಏನು ನೋಡುತ್ತಿದ್ದಳು ಎಂದರು. ಇನ್ನೊಬ್ಬರು, ಆ ಮೂಲೆ ಆಗಿಬರಲಿಕ್ಕಿಲ್ಲ, ಚೀಟಿ ಮತ್ತೊಮ್ಮೆ ಎತ್ತೋಣ ಎಂದರು. ಎರಡು ಸಾಲುಗಳಲ್ಲಿ ತಲೆಗಳು ಹೌದೆಂದು ಅಲ್ಲಾಡಿದವು. ರೇಣುಕಾ ಬಾಗಿಲ ಹತ್ತಿರ ಮಾಲಿನ ಯೂನಿಫಾರ್ಮಿನಲ್ಲೇ ನಿಂತಿದ್ದಳು. "ಏ ಗಲತ್ ಹೈ, ಅವ್ವ..." ಎಂದು ಹಿಂದಿಯಲ್ಲಿ, ಇದು ತಪ್ಪು ಅಂತ, ಶುರು ಮಾಡಿ, ಕನ್ನಡದಲ್ಲಿ ಮುಂದಿನ ಮಾತು ಸಿಗದೆ ನನ್ನ ಕಡೆ ನೋಡಿದಳು. ನಾನು ಕೈಯಲ್ಲಿದ್ದ ಕಾಗದವನ್ನು ಮಡಚಿದೆ. ಮತ್ತೆ ಬಿಚ್ಚಿದೆ. ಆಗ ಜೋಶಿ ಸಾಹೇಬರು ಎದ್ದರು. ಜವಾಬ್ದಾರಿ ತನ್ನದು, ಆ ಹೆಂಗಸಿನ ತಪ್ಪು ಏನೂ ಇಲ್ಲ, ಅವಳ ಮನೆ ಅವಳದೇ ಎಂದು ಮರಾಠಿಯಲ್ಲಿ ಒಂದೇ ಸಲ ಹೇಳಿ, ನಕ್ಷೆಯ ಕೊಳವೆಯನ್ನು ಮೇಜಿನ ಮೇಲಿಟ್ಟು ಹೋದರು. ಮತ್ತೆ ಬರಲಿಲ್ಲ. ಬೇರೆ ಇಂಜಿನಿಯರು ಸಿಗುವುದಕ್ಕೆ ಏಳು ತಿಂಗಳು ಹಿಡಿಯಿತು. ಶೇಖರಣ್ಣ ಊಟ ಕಳಿಸುವುದನ್ನು ನಿಲ್ಲಿಸಲಿಲ್ಲ, ತಾವು ಬರುವುದನ್ನು ನಿಲ್ಲಿಸಿದರು. ಎಲ್ಲಾದರೂ ಎದುರಾದರೆ ನನ್ನ ಅಮ್ಮನ ಬಿಪಿ ಹೇಗಿದೆ ಎಂದು ಕೇಳುತ್ತಾರೆ, ನಾನು ಅವರ ಶುಗರ್ ಹೇಗಿದೆ ಎಂದು ಕೇಳುತ್ತೇನೆ. ನಮ್ಮಿಬ್ಬರ ನಡುವೆಯೂ ಒಂದು ತಡಿಕೆ ಇದೆ. ಯಾರೂ ತಟ್ಟುವುದಿಲ್ಲ.

ಮೊನ್ನೆ ಮೂಲೆಯ ಸ್ಲ್ಯಾಬನ್ನು ಮತ್ತೆ ಹಾಕಿದೆವು. ಲೋಕಲಿನಲ್ಲಿ ನಾನು ಬೈಸಿಕೊಂಡದ್ದು ಅಲ್ಲಿಗೆ ಹೋಗುವಾಗಲೇ. ಹಿಂದಿನ ದಿನ ರೇಣುಕಾ ಫೋನ್ ಮಾಡಿ, ನೀವು ಸ್ಲ್ಯಾಬಿನ ಕೆಳಗೆ ಬರಬೇಕು ಅಂತ ಅವ್ವ ಹೇಳ್ತಿದ್ದಾಳೆ, ಕೈ ಬೇಕಂತೆ ಎಂದಿದ್ದಳು. ಏನೆಂದು ಅರ್ಥವಾಗಲಿಲ್ಲ. ಹೋದಾಗ ಮಲ್ಲವ್ವ ಹೊಸ ಬಲ್ಲಿಗಳ ಸಾಲಿನ ಮುಂದೆ ನಿಂತಿದ್ದಳು. ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು. ಎಡಗೈ ಬೆಣೆಯ ಸುತ್ತಿಗೆಗೆ ಬೇಕು, ಅದೇ ಕೈಯಲ್ಲಿ ತಟ್ಟುತ್ತ ಹೋದರೆ ತಡವಾಗುತ್ತದೆ. ಬೇರೆಯವರ ಕೈ ಒರಟು, ಚರ್ಮ ದಪ್ಪ, ದನಿ ಸರಿಯಾಗಿ ಏಳುವುದಿಲ್ಲ. ಬರೆಯುವ ಕೈ ತೆಳುವಾಗಿದೆ, ನೀವು ತಟ್ಟಿ, ಕೇಳುವುದು ನಾನು ಕೇಳುತ್ತೇನೆ ಎಂದಳು.

ಬಗ್ಗಿ ಒಳಗೆ ಹೋದೆವು. ಮೇಲೆ ಬುಟ್ಟಿಗಳು ಸುರಿಯುತ್ತಿದ್ದವು. ಒಂದೊಂದು ಸುರಿದಾಗಲೂ ತಲೆಯ ಮೇಲೆ ಪ್ಲೈವುಡ್ಡು ನರಳುತ್ತಿತ್ತು. ಮಾತಿಲ್ಲ, ಹಲಗೆಯಿಲ್ಲ, ಫೋಟೋ ಇಲ್ಲ. ಒಂದು ಬಲ್ಲಿ ತಟ್ಟಿದೆ. ಮಲ್ಲವ್ವ ತಲೆ ಓರೆ ಮಾಡಿ ಕೇಳಿ, ಮುಂದೆ ಎಂದು ಕಣ್ಣಲ್ಲೇ ಹೇಳಿದಳು. ಎರಡನೆಯದು, ಮೂರನೆಯದು. ಆರನೆಯದನ್ನು ತಟ್ಟಿದಾಗ ನನಗೇ ಗೊತ್ತಾಯಿತು. ಅದು ಹರಟೆ ಹೊಡೆಯಿತು. ಅವಳು ನನ್ನ ಮುಖ ನೋಡಿದಳು. ಇದು ಎಂದೆ. "ಹೂಂ" ಎಂದು ಕುಕ್ಕರಗಾಲಲ್ಲಿ ಕೂತು ಎಡಗೈಯಿಂದ ಬೆಣೆಗೆ ಎರಡೇಟು ಹಾಕಿದಳು. ಮತ್ತೆ ತಟ್ಟಿದೆ. ಒಂದೇ ಮಾತು ಹೇಳಿ ಸುಮ್ಮನಾಯಿತು. ನಲವತ್ತಾರು ವರ್ಷದ ನನ್ನ ಬದುಕಿನಲ್ಲಿ ಒಳಗೆ ಏನುಂಟು ಎಂದು ಹೊರಗಿನಿಂದ ಕೇಳಿಸಿದ್ದು ಅದೇ ಮೊದಲು.

ಅವಳ ಮನೆಯ ಅಡುಗೆಮನೆ ಬರುವ ಜಾಗದ ಕೆಳಗೆ ನಿಂತು, ಇನ್ನು ತಡೆಯಲಾರದೆ, "ಮಲ್ಲವ್ವ, ಅವತ್ತು ಹಲಗೆ ಬಡೀಲಿ ಅಂತ ಹೇಳಿದ್ದು ನಾನು" ಎಂದೆ.

ಅವಳು ಬಲ್ಲಿಯ ಬುಡದಿಂದ ಕಣ್ಣೆತ್ತಲಿಲ್ಲ.

"ಗೊತ್ತೈತ್ರಿ. ಕೆಳಗ ಕೇಳಿಸಿತ್ತು" ಎಂದಳು. "ಬಲ್ಲಿ ಆಗಲೇ ಕೈಗೆ ನಡುಗು ಕೊಡಾಕತ್ತಿತ್ತು. ಹೊರಗ ಓಡಬೇಕಂದೆ. ಟೀಚರು ಐದು ಮಿನಿಟು ಅಂದಾರ, ಐದು ಮಿನಿಟು ಹಿಡಕೊಂಡರಾತು ಅಂತ ನಿಂತೆ."

ಮೇಲೆ ಇನ್ನೊಂದು ಬುಟ್ಟಿ ಬಿತ್ತು. ಪುಡಿ ಉದುರಿ ಅವಳ ತಲೆಯ ಮೇಲೆ, ನನ್ನ ಕೈಯ ಮೇಲೆ ಕೂತಿತು. ನಾನು ಏನೋ ಹೇಳಲು ಬಾಯಿ ತೆರೆದೆ. ಮಲ್ಲವ್ವ ಎಡಗೈ ಎತ್ತಿ ತಡೆದಳು. ಮಾತಾಡಿದರೆ ಬಲ್ಲಿಯ ದನಿ ಕೇಳಿಸುವುದಿಲ್ಲ.

"ಮುಂದಿಂದು ತಟ್ರಿ" ಎಂದಳು.

ತಟ್ಟಿದೆ.